ಪರಿಹಾರದ ಹಣ ಯಾವ ಪಟ್ಟಿಯಿಂದ ಬರುತ್ತದೆ? ಅಮೆರಿಕದ ಅಂಗವಿಕಲ ಮಾಸಾಶನದಾರರ ಗೊಂದಲದ ಮೂಲ

2025ರ ನವೆಂಬರ್ 9ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಾಮಾಜಿಕ ಜಾಲತಾಣದಲ್ಲಿ ಒಂದು ಘೋಷಣೆ ಬರೆದರು. ಆಮದು ಸುಂಕದಿಂದ ಬಂದ ಹಣದಲ್ಲಿ, ಹೆಚ್ಚು ಆದಾಯದವರನ್ನು ಹೊರತುಪಡಿಸಿ ಉಳಿದೆಲ್ಲರಿಗೂ ತಲಾ ಕನಿಷ್ಠ 2,000 ಡಾಲರ್ ‘ಲಾಭಾಂಶ’ ಸಿಗಲಿದೆ ಎಂಬುದು ಅದರ ಸಾರಾಂಶ. ಅಂಗವೈಕಲ್ಯದ ಮಾಸಾಶನ ನಂಬಿ ಬದುಕುವ ಲಕ್ಷಾಂತರ ಜನರಿಗೆ ಆಗ ಮೂರು ಪ್ರಶ್ನೆಗಳು ಎದ್ದವು. ಈ ಹಣ ನಮಗೂ ಸಿಗುತ್ತದೆಯೇ? ಸಿಗಬೇಕಾದರೆ ಅರ್ಜಿ ಹಾಕಬೇಕೇ? ಸಿಕ್ಕರೆ ನಮ್ಮ ಮಾಸಾಶನಕ್ಕೆ ಕತ್ತರಿ ಬೀಳುತ್ತದೆಯೇ? ಮೂರನೆಯ ಪ್ರಶ್ನೆ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಸರ್ಕಾರವೇ ಕೊಟ್ಟ ಹಣಕ್ಕೆ ಸರ್ಕಾರವೇ ದಂಡ ಹಾಕುವುದು ಸಾಧ್ಯವೇ? ಸಾಧ್ಯ. ಅಮೆರಿಕದ ಅಂಗವಿಕಲರು ಪರಿಹಾರದ ಸುದ್ದಿ ಕೇಳಿದಾಗ ಹಿಗ್ಗುವ ಮೊದಲು ಅಳುಕುವುದಕ್ಕೆ ಇದೇ ಕಾರಣ.

ಸುದ್ದಿಯಲ್ಲಿ ಎಷ್ಟು ನಿಜ

ಅಮೆರಿಕದಲ್ಲಿ ಖಜಾನೆಯಿಂದ ಹೀಗೆ ಹಣ ಹಂಚಬೇಕಾದರೆ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಬೇಕು. ಅಧ್ಯಕ್ಷರ ಘೋಷಣೆ ಕಾನೂನಲ್ಲ. ಖಜಾನೆ ಕಾರ್ಯದರ್ಶಿ ಸ್ಕಾಟ್ ಬೆಸೆಂಟ್ ಅದೇ ದಿನ ಈ ಲಾಭಾಂಶ ಹಲವು ರೂಪದಲ್ಲಿ ಬರಬಹುದು, ತೆರಿಗೆ ಇಳಿಕೆಯ ರೂಪದಲ್ಲೂ ಇರಬಹುದು ಎಂದರು. ಚೆಕ್ ಬರುತ್ತದೆ ಎಂದು ಕಾದವರಿಗೆ ಈ ಮಾತಿನ ತೂಕ ತಕ್ಷಣ ತಿಳಿದಿರಲಾರದು. ಕಡುಬಡ ಅಂಗವಿಕಲರಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. ಇಲ್ಲದ ತೆರಿಗೆಯನ್ನು ಇಳಿಸಿದರೆ ಅವರ ಕೈಗೆ ಬರುವುದು ಸೊನ್ನೆ.

2025ರ ಜುಲೈನಲ್ಲಿ ಬಂದ ತೆರಿಗೆ ಕಾನೂನಿನಲ್ಲೂ ಇಂಥದೇ ತೊಡಕಿತ್ತು. ‘ಸೋಷಿಯಲ್ ಸೆಕ್ಯುರಿಟಿ ಮೇಲೆ ಇನ್ನು ತೆರಿಗೆ ಇಲ್ಲ’ ಎಂಬ ಪ್ರಚಾರ ಜೋರಾಗಿ ನಡೆಯಿತು. ಸೋಷಿಯಲ್ ಸೆಕ್ಯುರಿಟಿ ಎಂದರೆ ದುಡಿಯುವವರ ಸಂಬಳದ ತೆರಿಗೆಯಿಂದ ನಡೆಯುವ, ನಿವೃತ್ತರಿಗೂ ಅಂಗವಿಕಲರಿಗೂ ಮಾಸಾಶನ ಕೊಡುವ ಸರ್ಕಾರಿ ವ್ಯವಸ್ಥೆ. ಕಾನೂನಿನಲ್ಲಿ ಇದ್ದದ್ದು 65 ವರ್ಷ ದಾಟಿದವರಿಗೆ ತೆರಿಗೆಗೆ ಒಳಪಡುವ ಆದಾಯದಲ್ಲಿ 6,000 ಡಾಲರ್‌ವರೆಗಿನ ಹೆಚ್ಚುವರಿ ಕಡಿತ, ಅದೂ 2025ರಿಂದ 2028ರವರೆಗೆ ಮಾತ್ರ. ನಲವತ್ತೈದನೆಯ ವಯಸ್ಸಿನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕೆಲಸ ಬಿಟ್ಟವರು ಅದೇ ಸೋಷಿಯಲ್ ಸೆಕ್ಯುರಿಟಿಯಿಂದ ಹಣ ಪಡೆಯುತ್ತಿದ್ದರೂ ಈ ಕಡಿತ ಅವರಿಗೆ ಅನ್ವಯಿಸುವುದಿಲ್ಲ.

ವದಂತಿಗೆ ಇನ್ನೊಂದು ಮೂಲ ಕ್ಯಾಲೆಂಡರ್. ಬಡ ಅಂಗವಿಕಲರಿಗೂ ವೃದ್ಧರಿಗೂ ಕೊಡುವ ಎಸ್‌ಎಸ್‌ಐ (ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್) ಎಂಬ ಮಾಸಾಶನ ಪ್ರತಿ ತಿಂಗಳ 1ರಂದು ಜಮೆಯಾಗುತ್ತದೆ. 1ನೇ ತಾರೀಖು ವಾರಾಂತ್ಯವೋ ರಜಾದಿನವೋ ಆಗಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಬರುತ್ತದೆ. 2025ರ ನವೆಂಬರ್ 1 ಶನಿವಾರವಾಗಿತ್ತು. ಹಾಗಾಗಿ ಅಕ್ಟೋಬರ್ 1ರಂದು ಒಂದು, 31ರಂದು ಇನ್ನೊಂದು ಜಮೆಯಾಯಿತು. ಡಿಸೆಂಬರ್‌ನಲ್ಲೂ ಹೀಗೆಯೇ ಎರಡು ಜಮೆ. ‘ಈ ತಿಂಗಳು ಅಂಗವಿಕಲರಿಗೆ ಡಬಲ್ ಹಣ’ ಎಂಬ ತಲೆಬರಹಗಳು ಹುಟ್ಟುವುದು ಇಂಥ ತಿಂಗಳುಗಳಲ್ಲಿ. ಎರಡನೆಯದು ಮುಂದಿನ ತಿಂಗಳ ಹಣವೇ. ಅದನ್ನು ಬೋನಸ್ ಎಂದು ತಿಳಿದು ಖರ್ಚು ಮಾಡಿದವರ ಮುಂದಿನ ತಿಂಗಳು ಬರಿಗೈಯಲ್ಲಿ ಆರಂಭವಾಗುತ್ತದೆ. ಆ ತಲೆಬರಹ ಬರೆಯುವವರಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ಬಡವರ ಆಸೆಯನ್ನು ಓದುಗರ ಸಂಖ್ಯೆಯಾಗಿ ಪರಿವರ್ತಿಸುವ ಈ ದಂಧೆ ಕ್ರೂರವಾದದ್ದು.

ಅಂಗವೈಕಲ್ಯ ಒಂದೇ, ಯೋಜನೆ ಎರಡು

ಗೊಂದಲ ಬಿಡಿಸಲು ಮೊದಲು ಎರಡು ಹೆಸರುಗಳನ್ನು ಬೇರೆಬೇರೆಯಾಗಿ ನೋಡಬೇಕು. ಎಸ್‌ಎಸ್‌ಡಿಐ ಸೋಷಿಯಲ್ ಸೆಕ್ಯುರಿಟಿಯ ಭಾಗವಾದ ಒಂದು ಅಂಗವೈಕಲ್ಯ ವಿಮೆ. 1956ರಲ್ಲಿ ರೂಪುಗೊಂಡದ್ದು. ದುಡಿಯುತ್ತಿದ್ದಾಗ ಸಂಬಳದಿಂದ ಕಡಿತವಾದ ತೆರಿಗೆಯೇ ಇದರ ಕಂತು. ಅಂಗವೈಕಲ್ಯ ಬಂದು ದುಡಿಯಲಾಗದಿದ್ದಾಗ ಹಿಂದಿನ ಗಳಿಕೆಯ ಆಧಾರದಲ್ಲಿ ತಿಂಗಳ ಹಣ ಸಿಗುತ್ತದೆ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ.

ಎಸ್‌ಎಸ್‌ಐ ಹಾಗಲ್ಲ. 1972ರಲ್ಲಿ ಕಾನೂನಾಗಿ 1974ರ ಜನವರಿಯಲ್ಲಿ ಜಾರಿಗೆ ಬಂದ ಇದು ಬಡ ವೃದ್ಧರಿಗೆ, ಅಂಧರಿಗೆ ಮತ್ತು ಅಂಗವಿಕಲರಿಗೆ ಕೊಡುವ ನೆರವು. ಹುಟ್ಟಿನಿಂದಲೇ ಅಂಗವೈಕಲ್ಯ ಇರುವವರು, ಎಂದೂ ಸಂಬಳದ ಕೆಲಸ ಸಿಗದವರು, ಸಿಕ್ಕರೂ ಸಾಕಷ್ಟು ವರ್ಷ ದುಡಿಯಲಾಗದವರು ಇದರಡಿ ಬರುತ್ತಾರೆ. ಇದನ್ನು ಪಡೆಯುವವರು ಸುಮಾರು 70 ಲಕ್ಷಕ್ಕೂ ಹೆಚ್ಚು. 2026ರಲ್ಲಿ ಒಬ್ಬರಿಗೆ ಫೆಡರಲ್ ಸರ್ಕಾರ ಕೊಡುವ ಗರಿಷ್ಠ ಮೊತ್ತ ತಿಂಗಳಿಗೆ 994 ಡಾಲರ್. ಇಲ್ಲಿ ಆದಾಯಕ್ಕೂ ಉಳಿತಾಯಕ್ಕೂ ಮಿತಿ ಇದೆ.

ಎರಡನ್ನೂ ನಡೆಸುವುದು ಸೋಷಿಯಲ್ ಸೆಕ್ಯುರಿಟಿ ಆಡಳಿತವೇ. ಹಾಗಾಗಿ ಸುದ್ದಿಯಲ್ಲಿ ‘ಸೋಷಿಯಲ್ ಸೆಕ್ಯುರಿಟಿ ಪಡೆಯುವವರಿಗೆ’ ಎಂದು ಬಂದರೆ ಎಸ್‌ಎಸ್‌ಐನವರು ತಾವೂ ಸೇರಿದ್ದೇವೆ ಎಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅವರು ಬೇರೆ. ಪರಿಹಾರದ ಹಣದ ವಿಷಯದಲ್ಲಿ ಈ ಬೇರೆತನವೇ ಮತ್ತೆ ಮತ್ತೆ ಮುಳುವಾಗಿದೆ.

2008 ಮತ್ತು 2009: ಎರಡು ದಾರಿ

ಆರ್ಥಿಕ ಹಿಂಜರಿತ ತಡೆಯಲು 2008ರ ಫೆಬ್ರುವರಿಯಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ ಕಾನೂನು ಜನರಿಗೆ ತೆರಿಗೆ ಮರುಪಾವತಿಯ ರೂಪದಲ್ಲಿ ಹಣ ಕೊಟ್ಟಿತು. ತೆರಿಗೆ ಕಟ್ಟದವರಿಗೂ 300 ಡಾಲರ್ ಇತ್ತು. ಅದಕ್ಕೆ ಎರಡು ಷರತ್ತು: ತೆರಿಗೆ ರಿಟರ್ನ್ ಸಲ್ಲಿಸಬೇಕು ಮತ್ತು ಅರ್ಹ ಆದಾಯ ಕನಿಷ್ಠ 3,000 ಡಾಲರ್ ಇರಬೇಕು. ಸೋಷಿಯಲ್ ಸೆಕ್ಯುರಿಟಿ ಹಣವನ್ನು ಅರ್ಹ ಆದಾಯವೆಂದು ಒಪ್ಪಲಾಯಿತು. ಎಸ್‌ಎಸ್‌ಐ ಹಣವನ್ನು ಒಪ್ಪಲಿಲ್ಲ. ಪರಿಣಾಮವಾಗಿ, ಎಸ್‌ಎಸ್‌ಐ ಒಂದನ್ನೇ ನಂಬಿದವರು, ಅಂದರೆ ಎಲ್ಲರಿಗಿಂತ ಬಡವರಾದ ಅಂಗವಿಕಲರು, ಪೂರ್ತಿಯಾಗಿ ಹೊರಗುಳಿದರು.

ಮರುವರ್ಷ ಬರಾಕ್ ಒಬಾಮ ಆಡಳಿತದ ಚೇತರಿಕೆ ಕಾನೂನು ಬೇರೆ ದಾರಿ ಹಿಡಿಯಿತು. ಸೋಷಿಯಲ್ ಸೆಕ್ಯುರಿಟಿ, ಎಸ್‌ಎಸ್‌ಐ, ರೈಲ್ವೆ ನಿವೃತ್ತಿ ಮತ್ತು ಮಾಜಿ ಸೈನಿಕರ ಮಾಸಾಶನ ಪಡೆಯುವವರಿಗೆ ಒಂದು ಬಾರಿ 250 ಡಾಲರ್. ಅರ್ಜಿ ಇಲ್ಲ, ರಿಟರ್ನ್ ಇಲ್ಲ. ಪ್ರತಿ ತಿಂಗಳು ಹಣ ಹೋಗುವ ಖಾತೆಗಳ ಪಟ್ಟಿ ಸರ್ಕಾರದ ಬಳಿಯೇ ಇತ್ತು. 2009ರ ಮೇ ತಿಂಗಳಲ್ಲಿ ಅದೇ ಖಾತೆಗಳಿಗೆ ಹಣ ಹೋಯಿತು.

ಮೊತ್ತ ನೋಡಿದರೆ 2008ರದ್ದೇ ದೊಡ್ಡದು. ಅತಿ ಬಡವರ ಕೈಗೆ ತಲುಪಿದ್ದು 2009ರದ್ದು. ಸುದ್ದಿಗಳೆಲ್ಲ ‘ಎಷ್ಟು ಡಾಲರ್’ ಎಂಬುದರ ಸುತ್ತ ತಿರುಗುತ್ತವೆ. ಅಂಗವಿಕಲರ ಮಟ್ಟಿಗೆ ನಿರ್ಣಾಯಕವಾದದ್ದು ಯಾವ ಇಲಾಖೆಯ ಯಾವ ಪಟ್ಟಿಯನ್ನು ಮುಂದಿಟ್ಟುಕೊಂಡು ಹಣ ಕಳಿಸುತ್ತಾರೆ ಎಂಬುದು. ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಇರುವವರು ಆದಾಯ ಉಳ್ಳವರು. ಆದಾಯವೇ ಇಲ್ಲದವರು ಅಲ್ಲಿ ಕಾಣುವುದೇ ಇಲ್ಲ.

2020ರ ಏಪ್ರಿಲ್‌ನಲ್ಲಿ ಆದದ್ದು

ಈ ಪಾಠ ಹನ್ನೊಂದು ವರ್ಷ ಹಳೆಯದಾಗಿದ್ದಾಗ ಕೊರೊನಾ ಬಂತು. 2020ರ ಮಾರ್ಚ್ 27ರಂದು ಜಾರಿಯಾದ ಕೇರ್ಸ್ ಕಾನೂನು ಪ್ರತಿ ವಯಸ್ಕರಿಗೆ 1,200 ಡಾಲರ್, 17ಕ್ಕಿಂತ ಚಿಕ್ಕ ಮಕ್ಕಳಿಗೆ 500 ಡಾಲರ್ ಘೋಷಿಸಿತು. ಒಂಟಿಯಾಗಿರುವವರ ವಾರ್ಷಿಕ ಆದಾಯ 75,000 ಡಾಲರ್ ದಾಟಿದರೆ ಮೊತ್ತ ಇಳಿಯುತ್ತ ಹೋಗುತ್ತಿತ್ತು. ಆದಾಯವೇ ಇಲ್ಲದವರಿಗೂ ಪೂರ್ತಿ ಹಣ ಇತ್ತು. 2008ರ ತಪ್ಪು ಕಾನೂನಿನ ಅಕ್ಷರದಲ್ಲಿ ತಿದ್ದುಪಡಿಯಾಗಿತ್ತು. ಆದರೆ ಹಣ ಕಳಿಸುವ ಹೊಣೆ ಮತ್ತೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೇ ಹೋಯಿತು. ಕಾನೂನು ಪ್ರಕಾರ ಇದು ಮುಂಗಡವಾಗಿ ಕೊಟ್ಟ ತೆರಿಗೆ ಮರುಪಾವತಿ.

ಮಾರ್ಚ್ 30ರಂದು ಐಆರ್‌ಎಸ್, ರಿಟರ್ನ್ ಸಲ್ಲಿಸುವ ಅಗತ್ಯವಿಲ್ಲದ ಸೋಷಿಯಲ್ ಸೆಕ್ಯುರಿಟಿ ಫಲಾನುಭವಿಗಳೂ ಅಂಗವಿಕಲರೂ ಹಣ ಬೇಕಿದ್ದರೆ ಸರಳ ರಿಟರ್ನ್ ಒಂದನ್ನು ಸಲ್ಲಿಸಬೇಕು ಎಂದಿತು. ಊರೆಲ್ಲ ಬಾಗಿಲು ಹಾಕಿದ್ದ ದಿನಗಳವು. ಗ್ರಂಥಾಲಯ ಮುಚ್ಚಿತ್ತು, ತೆರಿಗೆ ಫಾರಂ ತುಂಬಿಕೊಡುವ ಸ್ವಯಂಸೇವಕರ ಕೇಂದ್ರಗಳು ಮುಚ್ಚಿದ್ದವು, ಐಆರ್‌ಎಸ್‌ನ ಸಹಾಯ ಕೇಂದ್ರಗಳೂ ಮುಚ್ಚಿದ್ದವು. ದೃಷ್ಟಿ ಇಲ್ಲದವರು, ಹಾಸಿಗೆ ಹಿಡಿದವರು, ಬೌದ್ಧಿಕ ಅಂಗವೈಕಲ್ಯ ಇರುವವರು ಯಾರ ಸಹಾಯದಿಂದ ಆ ಫಾರಂ ತುಂಬಬೇಕಿತ್ತು? ಪ್ರತಿಭಟನೆ ಎದ್ದು, ಏಪ್ರಿಲ್ 1ರಂದು ಖಜಾನೆ ಹಿಂದೆ ಸರಿಯಿತು. ಸೋಷಿಯಲ್ ಸೆಕ್ಯುರಿಟಿಯವರಿಗೆ ವರ್ಷಕ್ಕೊಮ್ಮೆ ಕೊಡುವ ‘1099’ ಎಂಬ ಹೇಳಿಕೆಯ ಮಾಹಿತಿ ಬಳಸಿ ತಾನಾಗಿ ಹಣ ಕಳಿಸುತ್ತೇವೆ ಎಂದಿತು.

ಎಸ್‌ಎಸ್‌ಐನವರಿಗೆ ಆ 1099 ಬರುವುದೇ ಇಲ್ಲ, ಏಕೆಂದರೆ ಆ ಹಣಕ್ಕೆ ತೆರಿಗೆ ಇಲ್ಲ. ಎಸ್‌ಎಸ್‌ಡಿಐನವರ ಚಿಂತೆ ಕಳೆದ ಮೇಲೂ ಅವರ ಚಿಂತೆ ಉಳಿಯಿತು. ಏಪ್ರಿಲ್ 15ಕ್ಕೆ, ಅಂದರೆ ಬೇರೆಯವರ ಖಾತೆಗಳಿಗೆ ಹಣ ಬೀಳಲು ಶುರುವಾದ ಮೇಲೆ, ಎಸ್‌ಎಸ್‌ಐನವರಿಗೂ ರಿಟರ್ನ್ ಬೇಡ ಎಂಬ ಪ್ರಕಟಣೆ ಬಂತು. ಅವರಿಗೆ ಹಣ ಸಿಕ್ಕಿದ್ದು ಮೇ ತಿಂಗಳಲ್ಲಿ.

ಮಕ್ಕಳ 500 ಡಾಲರ್ ವಿಷಯ ಇನ್ನೂ ಕೆಟ್ಟದಾಗಿ ನಡೆಯಿತು. ಮಾಸಾಶನದ ಕಡತದಲ್ಲಿ ಮಕ್ಕಳ ಪೂರ್ಣ ವಿವರ ಇರಲಿಲ್ಲ. ಏಪ್ರಿಲ್ 20ರಂದು ಐಆರ್‌ಎಸ್ ಒಂದು ಸೂಚನೆ ಹೊರಡಿಸಿತು: ಸೋಷಿಯಲ್ ಸೆಕ್ಯುರಿಟಿ ಪಡೆಯುವವರು 22ರ ಮಧ್ಯಾಹ್ನದೊಳಗೆ ವೆಬ್‌ಸೈಟಿನಲ್ಲಿ ಮಕ್ಕಳ ವಿವರ ತುಂಬಬೇಕು, ಇಲ್ಲವಾದರೆ ಮುಂದಿನ ವರ್ಷ ರಿಟರ್ನ್ ಸಲ್ಲಿಸುವವರೆಗೆ ಕಾಯಬೇಕು. ಎರಡು ದಿನ! ಎಸ್‌ಎಸ್‌ಐನವರಿಗೆ ಮೇ 5ರ ಗಡುವು. ತಪ್ಪಿಸಿಕೊಂಡವರ ಸಂಖ್ಯೆ ದೊಡ್ಡದಾದ್ದರಿಂದ ಸೆಪ್ಟೆಂಬರ್ 30ರವರೆಗೆ ಮತ್ತೊಂದು ಅವಕಾಶ ಕೊಡಬೇಕಾಯಿತು.

ಇನ್ನೊಂದು ಗುಂಪು ಆ ವರ್ಷ ಯಾವ ಗಡುವಿನಲ್ಲೂ ಬರಲಿಲ್ಲ. ತಂದೆತಾಯಿ ತಮ್ಮ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸುವ ವಯಸ್ಕ ಅಂಗವಿಕಲ ಮಕ್ಕಳು ಅವರು. 17 ದಾಟಿದ್ದರಿಂದ ಮಕ್ಕಳ ಪಾಲಿನ 500 ಇಲ್ಲ, ಅವಲಂಬಿತರಾದ್ದರಿಂದ ವಯಸ್ಕರ ಪಾಲಿನ 1,200 ಇಲ್ಲ. 2020ರ ಡಿಸೆಂಬರ್‌ನ 600 ಡಾಲರ್ ಕಂತಿನಲ್ಲೂ ಇದೇ ಆಯಿತು. 2021ರ ಮಾರ್ಚ್‌ನ ಮೂರನೆಯ ಕಂತಿನಲ್ಲಿ ಮಾತ್ರ ವಯಸ್ಸಿನ ಭೇದವಿಲ್ಲದೆ ಎಲ್ಲ ಅವಲಂಬಿತರಿಗೂ 1,400 ಡಾಲರ್ ಸಿಕ್ಕಿತು.

ಆಗಲೂ ಪಟ್ಟಿಯ ತೊಡಕು ಬಿಡಲಿಲ್ಲ. ಉಳಿದವರಿಗೆ ಮಾರ್ಚ್ 17ರಿಂದ ಹಣ ಬರತೊಡಗಿದರೆ, ಮಾಸಾಶನದಾರರ ಕಡತ ಸೋಷಿಯಲ್ ಸೆಕ್ಯುರಿಟಿ ಆಡಳಿತದಿಂದ ಐಆರ್‌ಎಸ್‌ಗೆ ಹೋದದ್ದು ಸಂಸದರು ಬಹಿರಂಗವಾಗಿ ಒತ್ತಾಯಿಸಿದ ಮೇಲೆ, ಮಾರ್ಚ್ 25ಕ್ಕೆ. ಹಣ ಬಂದದ್ದು ಏಪ್ರಿಲ್ 7ಕ್ಕೆ. ಒಂದೇ ಸರ್ಕಾರದ ಎರಡು ಕಚೇರಿಗಳ ನಡುವೆ ಒಂದು ಕಡತ ದಾಟಲು ಬೇಕಾದ ಸಮಯವನ್ನು ಬಾಡಿಗೆ ಕಟ್ಟಬೇಕಾದವರು ತಮ್ಮ ಮೈಮೇಲೆ ಹೊತ್ತರು.

ಎರಡು ಸಾವಿರ ಡಾಲರಿನ ಗೆರೆ

ಹಣ ಕೈಗೆ ಬಂದ ಮೇಲೆ ಎಸ್‌ಎಸ್‌ಐನವರ ಎರಡನೆಯ ಆತಂಕ ಶುರುವಾಗುತ್ತದೆ. ಇದನ್ನು ಹಂತಹಂತವಾಗಿ ನೋಡಬೇಕು.

ಎಸ್‌ಎಸ್‌ಐ ಪಡೆಯುವ ಒಬ್ಬ ವ್ಯಕ್ತಿಯ ಬಳಿ ತಿಂಗಳ ಆರಂಭದಲ್ಲಿ 2,000 ಡಾಲರ್‌ಗಿಂತ ಹೆಚ್ಚಿನ ಲೆಕ್ಕಕ್ಕೆ ಸಿಗುವ ಆಸ್ತಿ ಇರಬಾರದು. ದಂಪತಿಗೆ 3,000 ಡಾಲರ್. ವಾಸದ ಮನೆ, ಒಂದು ವಾಹನ ಇದರಲ್ಲಿ ಸೇರುವುದಿಲ್ಲ. ಬ್ಯಾಂಕಿನ ಹಣ ಸೇರುತ್ತದೆ. ಮಿತಿ ಒಂದು ಡಾಲರ್ ದಾಟಿದರೂ ಆ ತಿಂಗಳ ಮಾಸಾಶನ ಪೂರ್ತಿಯಾಗಿ ನಿಲ್ಲುತ್ತದೆ. ಬಹುತೇಕ ರಾಜ್ಯಗಳಲ್ಲಿ ಎಸ್‌ಎಸ್‌ಐ ಜೊತೆಗೆ ಮೆಡಿಕೇಯ್ಡ್ ಎಂಬ ಆರೋಗ್ಯ ನೆರವು ತಳಕು ಹಾಕಿಕೊಂಡಿದೆ. ಮನೆಗೆ ಬಂದು ಸ್ನಾನ ಮಾಡಿಸುವ, ಗಾಲಿಕುರ್ಚಿಗೆ ಎತ್ತಿ ಕೂರಿಸುವ ಸಹಾಯಕರ ಸಂಬಳ ಹಲವರಿಗೆ ಅದರಿಂದಲೇ ಬರುತ್ತದೆ. ಹೀಗಾಗಿ ಕೆಲವು ನೂರು ಡಾಲರ್ ಹೆಚ್ಚಾದರೆ ಅಪಾಯಕ್ಕೆ ಬೀಳುವುದು ಒಂದು ತಿಂಗಳ ಹಣವಷ್ಟೇ ಅಲ್ಲ.

ಈ 2,000ದ ಮಿತಿ ನಿಗದಿಯಾದದ್ದು 1989ರಲ್ಲಿ. ಅಂದಿನಿಂದ ಬದಲಾಗಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಏರಿಸಿದ್ದರೆ ಇಂದು ಅದು 5,000 ಡಾಲರ್ ದಾಟಿರುತ್ತಿತ್ತು. ಈಗ ಲೆಕ್ಕ ಹಾಕಿ: ಮುರಿದ ಗಾಲಿಕುರ್ಚಿಯ ದುರಸ್ತಿಗೆಂದು 1,500 ಡಾಲರ್ ಉಳಿಸಿಟ್ಟ ಒಬ್ಬರ ಖಾತೆಗೆ ಸರ್ಕಾರ 1,200 ಡಾಲರ್ ಹಾಕುತ್ತದೆ. ಒಟ್ಟು 2,700. ವಿನಾಯಿತಿಯ ನಿಯಮವೊಂದು ಇಲ್ಲದಿದ್ದರೆ ಅವರು ಆ ಪರಿಹಾರದ ಕಾರಣಕ್ಕೇ ಮಾಸಾಶನ ಕಳೆದುಕೊಳ್ಳುತ್ತಾರೆ.

2020ರಲ್ಲಿ ವಿನಾಯಿತಿ ಇತ್ತು. ಆ ಹಣ ತೆರಿಗೆ ಮರುಪಾವತಿಯ ರೂಪದ್ದಾದ್ದರಿಂದ ಅದನ್ನು ಆದಾಯವೆಂದು ಎಣಿಸುವಂತಿರಲಿಲ್ಲ, ಹನ್ನೆರಡು ತಿಂಗಳವರೆಗೆ ಆಸ್ತಿಯೆಂದೂ ಎಣಿಸುವಂತಿರಲಿಲ್ಲ. ಅಂದರೆ ವರ್ಷದೊಳಗೆ ಖರ್ಚು ಮಾಡಿ ಮುಗಿಸಬೇಕು. 2021ರಲ್ಲಿ ಸೋಷಿಯಲ್ ಸೆಕ್ಯುರಿಟಿ ಆಡಳಿತ ಈ ಕಾಲಮಿತಿಯನ್ನೂ ಸಡಿಲಿಸಿ, ಕೊರೊನಾ ಕಾಲದ ಇಂಥ ನೆರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಿತು. ಒಳ್ಳೆಯ ನಿರ್ಧಾರ. ಆದರೆ ಅದು ಆ ಹಣಕ್ಕೆ ಮಾತ್ರ.

ಮುಂದೆ ಬರಬಹುದಾದ ಹಣಕ್ಕೆ ಅಂಥ ರಕ್ಷಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕ ರಾಜ್ಯ ಕಣ್ಣೆದುರಿಗಿದೆ. ಅಲ್ಲಿ 1982ರಿಂದ ತೈಲ ಆದಾಯದ ನಿಧಿಯಿಂದ ನಿವಾಸಿಗಳಿಗೆಲ್ಲ ವರ್ಷಕ್ಕೊಮ್ಮೆ ಲಾಭಾಂಶ ಹಂಚುತ್ತಾರೆ. ಎಸ್‌ಎಸ್‌ಐ ನಿಯಮದಲ್ಲಿ ಅದು ಆದಾಯ. ದುಡಿಮೆಯಿಂದ ಬಾರದ ಆದಾಯದಲ್ಲಿ ತಿಂಗಳಿಗೆ ಮೊದಲ 20 ಡಾಲರ್ ಬಿಟ್ಟು ಉಳಿದ ಪ್ರತಿ ಡಾಲರಿಗೂ ಒಂದು ಡಾಲರ್ ಮಾಸಾಶನ ಕಡಿತವಾಗುತ್ತದೆ. ಲಾಭಾಂಶ ಬಂದ ತಿಂಗಳು ಮಾಸಾಶನ ಹೋಗುತ್ತದೆ. ಇದನ್ನು ತುಂಬಿಕೊಡಲು ಅಲಾಸ್ಕ ರಾಜ್ಯ ತನ್ನದೇ ಒಂದು ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಬೇಕಾಗಿದೆ. ದೇಶಕ್ಕೆಲ್ಲ ಲಾಭಾಂಶ ಕೊಡುವ ಕಾನೂನು ಬಂದು, ಅದರಲ್ಲಿ ವಿನಾಯಿತಿಯ ವಾಕ್ಯ ಬಿಟ್ಟುಹೋದರೆ, 2,000 ಡಾಲರ್ ಪಡೆದ ಎಸ್‌ಎಸ್‌ಐ ಫಲಾನುಭವಿ ಅದೇ ತಿಂಗಳ 994 ಡಾಲರ್ ಕಳೆದುಕೊಳ್ಳುತ್ತಾರೆ. ಉಳಿದದ್ದನ್ನು ಕೂಡಿಟ್ಟರೆ ಆಸ್ತಿಯ ಗೆರೆ ಕಾದಿರುತ್ತದೆ.

ಕೂಡಿಡಲು ಒಂದು ಕಿಂಡಿ ಇದೆ. 2014ರ ಕಾನೂನಿನಡಿ ಬಂದ ‘ಏಬಲ್’ ಖಾತೆಯಲ್ಲಿ 1,00,000 ಡಾಲರ್‌ವರೆಗಿನ ಹಣ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ. ಆದರೆ 26 ವರ್ಷಕ್ಕೆ ಮೊದಲು ಅಂಗವೈಕಲ್ಯ ಬಂದವರಿಗೆ ಮಾತ್ರ ಆ ಖಾತೆ ಎಂಬ ನಿಯಮ 2025ರ ಕೊನೆಯವರೆಗೂ ಇತ್ತು. 2026ರ ಜನವರಿಯಿಂದ ಆ ವಯಸ್ಸು 46ಕ್ಕೆ ಏರಿದೆ. ಐವತ್ತರಲ್ಲಿ ಪಾರ್ಶ್ವವಾಯು ಹೊಡೆದವರಿಗೆ ಈಗಲೂ ಈ ಬಾಗಿಲು ತೆರೆದಿಲ್ಲ.

‘ಅವರ ಆದಾಯ ಕಡಿಮೆಯಾಗಲಿಲ್ಲವಲ್ಲ?’

ಮಾಸಾಶನದಾರರಿಗೆ ಪರಿಹಾರ ಏಕೆ ಎಂಬ ಪ್ರಶ್ನೆಯನ್ನು ಕೇಳುವವರು ಎಲ್ಲರೂ ನಿರ್ದಯಿಗಳಲ್ಲ. ಅವರ ತರ್ಕ ಹೀಗಿದೆ: ಪರಿಹಾರವೆಂದರೆ ನಷ್ಟಕ್ಕೆ ಕೊಡುವುದು. ಲಾಕ್‌ಡೌನಿನಲ್ಲಿ ಹೋಟೆಲ್ ನೌಕರನ ಸಂಬಳ ನಿಂತಿತು, ಮಾಸಾಶನ ಒಂದು ದಿನವೂ ನಿಲ್ಲಲಿಲ್ಲ. ಸೀಮಿತ ಹಣವನ್ನು ಕೆಲಸ ಕಳೆದುಕೊಂಡವರಿಗೆ ಹೆಚ್ಚು ಕೊಡುವುದು ನ್ಯಾಯ. ಜೊತೆಗೆ, ಎಲ್ಲರ ಕೈಗೂ ಏಕಕಾಲಕ್ಕೆ ಹಣ ಸುರಿದರೆ ಬೆಲೆ ಏರುತ್ತದೆ, ಏರಿದ ಬೆಲೆ ಮೊದಲು ಕಾಡುವುದು ಇದೇ ಬಡವರನ್ನು ಎಂಬ ವಾದವೂ ಇದೆ.

ಮೊದಲ ವಾದ ಆದಾಯವನ್ನು ನೋಡುತ್ತದೆ, ಖರ್ಚನ್ನು ನೋಡುವುದಿಲ್ಲ. ಅಂಗವೈಕಲ್ಯ ಇರುವ ವಯಸ್ಕರೊಬ್ಬರಿರುವ ಮನೆ, ಇಲ್ಲದ ಮನೆಯಷ್ಟೇ ಮಟ್ಟದಲ್ಲಿ ಬದುಕಬೇಕಾದರೆ ಸರಾಸರಿ ಶೇ 28ರಷ್ಟು ಹೆಚ್ಚು ಆದಾಯ ಬೇಕು ಎಂದು ಅಮೆರಿಕದ ರಾಷ್ಟ್ರೀಯ ಅಂಗವೈಕಲ್ಯ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಸಾಂಕ್ರಾಮಿಕದಲ್ಲಿ ಈ ಹೆಚ್ಚುವರಿ ಇನ್ನೂ ಬೆಳೆಯಿತು. ಸಹಾಯಕರು ಬರುವುದು ನಿಂತಾಗ ಬದಲಿಯವರನ್ನು ದುಡ್ಡು ಕೊಟ್ಟು ಕರೆಸಬೇಕು. ಬಸ್ಸಿನಲ್ಲಿ ಹೋಗಲು ಭಯವಾದರೆ ಬಾಡಿಗೆ ಕಾರು ಬೇಕು. ಅಂಗಡಿಗೆ ಹೋಗಲಾಗದವರು ಮನೆಗೆ ತಲುಪಿಸುವ ಶುಲ್ಕ ತೆರಬೇಕು. ಸ್ಥಿರ ಆದಾಯದ ಮೇಲೆ ಏರುವ ಖರ್ಚು ಬಿದ್ದರೆ ಅದೂ ನಷ್ಟವೇ.

ಬೆಲೆಯೇರಿಕೆಯ ವಾದಕ್ಕೆ ಹೆಚ್ಚು ತೂಕವಿದೆ. 2022ರ ಜೂನ್‌ನಲ್ಲಿ ಅಮೆರಿಕದ ವಾರ್ಷಿಕ ಹಣದುಬ್ಬರ ಶೇ 9.1 ಮುಟ್ಟಿತು. ಪರಿಹಾರದ ಹಣ ಅದಕ್ಕೆ ಎಷ್ಟು ಕಾರಣ, ಸರಕು ಪೂರೈಕೆಯ ಅಡಚಣೆ ಮತ್ತು ಯುಕ್ರೇನ್ ಯುದ್ಧ ಎಷ್ಟು ಕಾರಣ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಆದರೆ ಆ ಏರಿಕೆ ಮಾಸಾಶನದಾರರನ್ನು ಹೇಗೆ ತಟ್ಟಿತು ಎಂಬುದು ಲೆಕ್ಕದಲ್ಲೇ ಇದೆ. ಮಾಸಾಶನ ವರ್ಷಕ್ಕೊಮ್ಮೆ, ಜನವರಿಯಲ್ಲಿ ಏರುತ್ತದೆ. ಎಷ್ಟು ಏರಬೇಕೆಂದು ನಿರ್ಧರಿಸುವುದು ಹಿಂದಿನ ವರ್ಷದ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಬೆಲೆ. 2022ಕ್ಕೆ ಏರಿದ್ದು ಶೇ 5.9. ಆ ವರ್ಷ ಪೂರ್ತಿ ಬೆಲೆಗಳು ಅದನ್ನು ಮೀರಿ ಓಡಿದವು. ಅದನ್ನು ಹಿಡಿಯುವ ಶೇ 8.7ರ ಏರಿಕೆ ಬಂದದ್ದು 2023ರ ಜನವರಿಗೆ. ನಡುವಿನ ತಿಂಗಳುಗಳ ಕೊರತೆಯನ್ನು ಯಾರೂ ತುಂಬಿಕೊಡಲಿಲ್ಲ. 2026ರ ಏರಿಕೆ ಶೇ 2.8. ಪರಿಹಾರದ ಹಣಕ್ಕಾಗಿ ಮತ್ತೆ ಮತ್ತೆ ಬೇಡಿಕೆ ಏಳುವುದರ ಹಿಂದೆ ಈ ವಿಳಂಬವಿದೆ. ಮಾಸಾಶನವೇ ಬೆಲೆಯ ಜೊತೆ ಹೆಜ್ಜೆ ಹಾಕುವಂತಿದ್ದರೆ ಈ ಬೇಡಿಕೆಗೆ ಇಷ್ಟು ತೀವ್ರತೆ ಇರುತ್ತಿರಲಿಲ್ಲ.

ಬೇರೆ ದೇಶಗಳು ಮಾಡಿದ್ದು

ಬ್ರಿಟನ್ 2022ರಲ್ಲಿ ಮತ್ತು 2023ರಲ್ಲಿ ಅಂಗವೈಕಲ್ಯ ಭತ್ಯೆ ಪಡೆಯುವವರಿಗೆ ಪ್ರತ್ಯೇಕವಾಗಿ 150 ಪೌಂಡ್ ಕೊಟ್ಟಿತು. ಭತ್ಯೆಯ ಪಟ್ಟಿಯಿಂದಲೇ, ಅರ್ಜಿ ಇಲ್ಲದೆ, ಇತರ ನೆರವಿಗೆ ಕಡಿತವಿಲ್ಲದೆ. ಮೊತ್ತ ಸಾಲದೆಂಬ ಟೀಕೆ ಬಂತು. ತಲುಪಿಸುವ ವಿಧಾನ ಸರಿಯಾಗಿತ್ತು.

ಆಸ್ಟ್ರೇಲಿಯ 2020ರಲ್ಲಿ 750 ಡಾಲರಿನ ಎರಡು ಕಂತುಗಳಲ್ಲಿ ಅಂಗವಿಕಲರನ್ನು ಸೇರಿಸಿಕೊಂಡಿತು. ಆದರೆ ಎರಡು ವಾರಕ್ಕೊಮ್ಮೆ ಸಿಗುತ್ತಿದ್ದ 550 ಡಾಲರಿನ ಕೊರೊನಾ ಹೆಚ್ಚುವರಿ ನಿರುದ್ಯೋಗಿಗಳಿಗೆ ಸಿಕ್ಕಿತೇ ಹೊರತು ಅಂಗವೈಕಲ್ಯ ಪಿಂಚಣಿಯವರಿಗೆ ಸಿಗಲಿಲ್ಲ. ‘ಅವರ ಆದಾಯ ಕಡಿಮೆಯಾಗಲಿಲ್ಲವಲ್ಲ’ ಎಂಬ ತರ್ಕವೇ ಅಲ್ಲಿ ನೀತಿಯಾಯಿತು.

ಕೆನಡದ್ದು ಇನ್ನೊಂದು ಎಚ್ಚರಿಕೆ. 2025ರ ಜುಲೈನಲ್ಲಿ ಅಲ್ಲಿನ ಫೆಡರಲ್ ಸರ್ಕಾರ ದುಡಿಯುವ ವಯಸ್ಸಿನ ಬಡ ಅಂಗವಿಕಲರಿಗೆ ತಿಂಗಳಿಗೆ ಗರಿಷ್ಠ 200 ಡಾಲರಿನ ಹೊಸ ನೆರವು ಆರಂಭಿಸಿತು. ಅದನ್ನು ಪಡೆಯಲು ಅಂಗವೈಕಲ್ಯ ತೆರಿಗೆ ರಿಯಾಯಿತಿಯ ಪ್ರಮಾಣಪತ್ರ ಬೇಕು. ಪ್ರಾಂತ್ಯದ ಮಾಸಾಶನ ಪಡೆಯುತ್ತಿದ್ದರೂ ಆ ಪತ್ರ ಇಲ್ಲದವರು ಹೊರಗೆ. ಮೇಲಾಗಿ ಆಲ್ಬರ್ಟ ಪ್ರಾಂತ್ಯ ಈ 200 ಡಾಲರನ್ನು ಆದಾಯವೆಂದು ಎಣಿಸಿ ತನ್ನ ಮಾಸಾಶನದಲ್ಲಿ ಅಷ್ಟನ್ನೇ ಕಡಿಮೆ ಮಾಡಿತು. ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಸರ್ಕಾರ ಉಳಿಸಿಕೊಂಡಿತು. ಅಂಗವಿಕಲರ ಕೈಯಲ್ಲಿ ಏನೂ ಹೆಚ್ಚಾಗಲಿಲ್ಲ.

ಹಣ ಬಂದರೂ ಕೈಗೆ ಬರುವುದೇ?

ಸುದ್ದಿಗಳಲ್ಲಿ ಕಾಣದ ಒಂದು ಸಮಸ್ಯೆ ಇದು. ತಮ್ಮ ಹಣ ತಾವೇ ನೋಡಿಕೊಳ್ಳಲಾಗದವರಿಗೆ ಅಮೆರಿಕದಲ್ಲಿ ‘ಪ್ರತಿನಿಧಿ ಪಾವತಿದಾರ’ರನ್ನು ನೇಮಿಸುತ್ತಾರೆ. ಅದು ಸಂಬಂಧಿಕರಿರಬಹುದು, ಆರೈಕೆ ಸಂಸ್ಥೆಯೂ ಇರಬಹುದು. 2020ರ ಪರಿಹಾರದ ಹಣವೂ ಅವರ ಮೂಲಕವೇ ಹೋಯಿತು. ಆದರೆ ಅದು ಸೋಷಿಯಲ್ ಸೆಕ್ಯುರಿಟಿ ಹಣವಲ್ಲದ್ದರಿಂದ ಅದರ ಲೆಕ್ಕ ಕೇಳುವ ಅಧಿಕಾರ ತನಗಿಲ್ಲ ಎಂಬುದು ಆಡಳಿತದ ನಿಲುವಾಗಿತ್ತು. ಹಣ ಫಲಾನುಭವಿಯದು, ಅವರಿಗೆ ಕೊಡಬೇಕು ಎಂದು ತಿಳಿಸಲಾಯಿತು. ಕೊಡದಿದ್ದರೆ ಹಿಡಿದು ಕೇಳುವ ವ್ಯವಸ್ಥೆ ದುರ್ಬಲವಾಗಿತ್ತು. ಕೆಲವು ಶುಶ್ರೂಷಾ ಗೃಹಗಳು ನಿವಾಸಿಗಳ ಚೆಕ್ಕುಗಳಿಗೆ ಕೈಹಾಕುತ್ತಿವೆ ಎಂದು ಫೆಡರಲ್ ವ್ಯಾಪಾರ ಆಯೋಗ 2020ರ ಮೇನಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ವಂಚಕರಿಗೂ ಇದು ಸುಗ್ಗಿಯ ಕಾಲ. ‘ನಿಮ್ಮ 2,000 ಡಾಲರ್ ಸಿದ್ಧವಿದೆ, ಖಾತೆ ದೃಢಪಡಿಸಿ’ ಎಂಬ ಸಂದೇಶಗಳು ಪ್ರತಿ ಘೋಷಣೆಯ ಬೆನ್ನಿಗೂ ಬರುತ್ತವೆ. ನಿಜವಾದ ಪರಿಹಾರಕ್ಕೆ ಶುಲ್ಕ ಇರುವುದಿಲ್ಲ, ಲಿಂಕ್ ಒತ್ತಿ ಖಾತೆಯ ಗುಟ್ಟು ಕೊಡಬೇಕಾಗಿಲ್ಲ, ಕಾನೂನು ಜಾರಿಯಾಗುವ ಮೊದಲು ಯಾರ ಹಣವೂ ‘ಸಿದ್ಧ’ವಾಗಿರುವುದಿಲ್ಲ. ಹಳೆಯ ಕಂತುಗಳ ಹೆಸರಿನಲ್ಲಿ ಬರುವ ಕರೆಗಳೂ ಇವೆ. 2021ರ 1,400 ಡಾಲರ್ ಪಡೆಯದೆ ಉಳಿದವರು ರಿಟರ್ನ್ ಸಲ್ಲಿಸಿ ಕೇಳುವ ಗಡುವು 2025ರ ಏಪ್ರಿಲ್ 15ಕ್ಕೇ ಮುಗಿದಿದೆ.

ಮಸೂದೆಯಲ್ಲಿ ಹುಡುಕಬೇಕಾದ ವಾಕ್ಯಗಳು

ಮುಂದೆ ಯಾವುದೇ ಪರಿಹಾರದ ಮಸೂದೆ ಬಂದರೂ ಅಂಗವಿಕಲರ ಪಾಲನ್ನು ತೀರ್ಮಾನಿಸುವುದು ಅದರ ಒಳಪುಟಗಳ ಕೆಲವು ಸಾಲುಗಳು. ಕಟ್ಟಬೇಕಾದ ತೆರಿಗೆ ಸೊನ್ನೆಯಿದ್ದರೂ ಪೂರ್ತಿ ಹಣ ಸಿಗುತ್ತದೆಯೇ? ಸೋಷಿಯಲ್ ಸೆಕ್ಯುರಿಟಿ ಜೊತೆಗೆ ಎಸ್‌ಎಸ್‌ಐ ಮತ್ತು ಮಾಜಿ ಸೈನಿಕರ ಕಡತಗಳನ್ನೂ ಬಳಸಿ ತಾನಾಗಿ ಹಣ ಕಳಿಸಬೇಕೆಂದು ಹೆಸರಿಸಿ ಹೇಳಿದೆಯೇ? ವಯಸ್ಕ ಅವಲಂಬಿತರು ಸೇರಿದ್ದಾರೆಯೇ? ಆದಾಯವಾಗಿಯೂ ಆಸ್ತಿಯಾಗಿಯೂ ಎಣಿಸಬಾರದೆಂಬ ನಿಯಮ ಇದೆಯೇ, ಇದ್ದರೆ ಎಷ್ಟು ಕಾಲಕ್ಕೆ? ಇವುಗಳಲ್ಲಿ ಯಾವುದೂ ದೊಡ್ಡ ಖರ್ಚಿನ ಮಾತಲ್ಲ. ಬರೆಯುವಾಗ ಅಂಗವಿಕಲರನ್ನು ನೆನಪಿಟ್ಟುಕೊಳ್ಳುವ ಮಾತು.

ಆಸ್ತಿ ಮಿತಿಯ ಮೂಲಕ್ಕೇ ಕೈಹಾಕುವ ಮಸೂದೆಯೊಂದು ಎರಡೂ ಪಕ್ಷದವರ ಬೆಂಬಲದಿಂದ ಕಾಂಗ್ರೆಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಂಡನೆಯಾಗಿದೆ. ರಿಪಬ್ಲಿಕನ್ ಸೆನೆಟರ್ ಬಿಲ್ ಕ್ಯಾಸಿಡಿ ಮತ್ತು ಆಗ ಡೆಮಾಕ್ರಟಿಕ್ ಸೆನೆಟರ್ ಆಗಿದ್ದ ಶೆರಡ್ ಬ್ರೌನ್ ಜೊತೆಯಾಗಿ ತಂದ ಆ ಮಸೂದೆ ಎಸ್‌ಎಸ್‌ಐ ಮಿತಿಯನ್ನು ಒಬ್ಬರಿಗೆ 10,000, ದಂಪತಿಗೆ 20,000 ಡಾಲರ್‌ಗೆ ಏರಿಸಿ, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುವಂತೆ ಮಾಡುತ್ತದೆ. ಅರ್ಹರ ಸಂಖ್ಯೆ ಹೆಚ್ಚಿ ಖರ್ಚು ಬೆಳೆಯುತ್ತದೆ ಎಂಬುದು ಹಿಂಜರಿಯುವವರ ಕಾರಣ. ಅದು ಇನ್ನೂ ಕಾನೂನಾಗಿಲ್ಲ. ಆಗುವವರೆಗೆ ಪ್ರತಿ ಪರಿಹಾರಕ್ಕೂ ಪ್ರತ್ಯೇಕ ವಿನಾಯಿತಿ ಬರೆಯಬೇಕಾಗುತ್ತದೆ, ಬರೆಯಲು ಮರೆತ ವರ್ಷ ಅದರ ಬೆಲೆಯನ್ನು ಎಸ್‌ಎಸ್‌ಐ ಪಡೆಯುವವರು ತೆರಬೇಕಾಗುತ್ತದೆ.